ಕಾಲು ನೋಡುವವರು

ನಾರ್ವೆ ದೇಶದ ಒಂದು ಚರ್ಚಿನಿಂದ ಆರು ಜನ ತುಮಕೂರಿಗೆ ಬಂದಿದ್ದರು. ಬಸ್‌ಸ್ಟ್ಯಾಂಡಿನ ಹಿಂದಿರುವ ಸಣ್ಣ ಚರ್ಚಿನ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಬೀದಿಯಲ್ಲಿ ಮಲಗುವವರಿಗೆ ಬೆಳಗಿನ ತಿಂಡಿ, ಸ್ನಾನಕ್ಕೆ ಬಿಸಿನೀರು, ಒಗೆದ ಬಟ್ಟೆ ಕೊಡುವುದು ಅವರ ಹತ್ತು ದಿನದ ಕೆಲಸ. ಅವರ ಇಂಗ್ಲಿಷನ್ನು ಕನ್ನಡಕ್ಕೂ ಇಲ್ಲಿಯವರ ಕನ್ನಡವನ್ನು ಇಂಗ್ಲಿಷಿಗೂ ದಾಟಿಸಲು ಅನುಪಮಾ ಒಪ್ಪಿಕೊಂಡಿದ್ದಳು. ಅವಳು ಖಾಸಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಳು.

"ಮಠಕ್ಕೆ ನಡ್ಕೊಳ್ಳೋ ಮನೆ ನಮ್ದು. ಚರ್ಚಲ್ಲಿ ನಿಂಗೇನೇ ಕೆಲ್ಸ?" ಎಂದು ಅವಳ ತಾಯಿ ಕೇಳಿದ್ದರು.

"ಅಷ್ಟು ದೂರದಿಂದ ಯಾಕ್ ಬರ್ತಾರೆ ಅಂತ ನೋಡ್ಬೇಕು ಕಣಮ್ಮ," ಎಂದಿದ್ದಳು ಅನುಪಮಾ. ನಿಜಕ್ಕೂ ಅವಳಿಗಿದ್ದದ್ದು ಅದೊಂದೇ ಕಾರಣ.

ಆ ಆರು ಜನರಲ್ಲಿ ಇಂಗ್ರಿಡ್ ಎಂಬಾಕೆಗೆ ಅರವತ್ತೇಳು ವರ್ಷ. ಗಿಡ್ಡನೆಯ, ಗಟ್ಟಿ ಕೈಗಳ ಹೆಂಗಸು. ತಗ್ಗಾದ ಸ್ಟೂಲಿನ ಮೇಲೆ ಕೂತು, ಬಂದವರ ಕಾಲನ್ನು ಟಬ್ಬಿನ ನೀರಿನಲ್ಲಿ ನೆನೆಸಿ, ತೊಳೆದು, ಉಗುರು ಕತ್ತರಿಸಿ, ಒಡೆದ ಹಿಮ್ಮಡಿಗೆ ಮುಲಾಮು ಹಚ್ಚುತ್ತಿದ್ದಳು. ಮೊದಲ ದಿನ ಜನ ನಾಚಿಕೊಂಡರು. ಎರಡನೆಯ ದಿನಕ್ಕೆ ಸಾಲು ನಿಂತಿತು. ಒಬ್ಬ ಮುದುಕ ಮಾತ್ರ ತಿಂಡಿ ತಿಂದ ಮೇಲೆ ಸಾಲಿಗೂ ಬರಲಿಲ್ಲ, ಎದ್ದೂ ಹೋಗಲಿಲ್ಲ. ಕಾಂಪೌಂಡ್ ಗೋಡೆಗೆ ಒರಗಿ ಇಂಗ್ರಿಡ್‌ಳ ಕೈಯನ್ನೇ ನೋಡುತ್ತ ಕೂತಿದ್ದ. ಬಿಳಿ ಗಡ್ಡ, ತಲೆಗೆ ಹಳೆಯ ಟೋಪಿ. ಹೆಸರು ಅಕ್ರಂ ಪಾಷಾ ಎಂದು ಚರ್ಚಿನ ಪಾಸ್ಟರ್ ಹೇಳಿದರು. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಐದು ವರ್ಷದಿಂದ ಮಲಗುತ್ತಾನಂತೆ.

ಮೂರನೆಯ ದಿನ ಅವನೇ ಎದ್ದು ಹತ್ತಿರ ಬಂದ. ಇಂಗ್ರಿಡ್‌ಳ ಸಲಕರಣೆ ಪೆಟ್ಟಿಗೆಯಲ್ಲಿದ್ದ, ಗಡುಸು ಚರ್ಮ ಕೆತ್ತುವ ಸಣ್ಣ ಚೂರಿಯ ಕಡೆ ಬೆರಳು ತೋರಿಸಿ ಅನುಪಮಾಳನ್ನು ಕೇಳಿದ:

"ಅಮ್ಮ, ಆ ಚೂರಿ ಯಾವೂರಿಂದು ಕೇಳಿ. ಕಬ್ಬಿಣ ಚೆನ್ನಾಗದೆ. ಆದ್ರೆ ಹರಿತ ಸಾಲ್ದು."

ಅನುಪಮಾ ಅದನ್ನು ಹೇಳಿದಾಗ ಇಂಗ್ರಿಡ್ ಚೂರಿಯನ್ನು ಹೆಬ್ಬೆರಳ ಮೇಲೆ ಆಡಿಸಿ ನೋಡಿ, "ಹೌದಲ್ಲ! ಇವರಿಗೆ ಹೇಗೆ ಗೊತ್ತಾಯಿತು?" ಎಂದಳು.

"ನಾನು ನಾಲಬಂದಿ ಅಮ್ಮ," ಎಂದ ಅಕ್ರಂ. "ಎತ್ತಿಗೆ ಲಾಳ ಕಟ್ಟೋನು. ಕುಣಿಗಲ್ ನಮ್ದು. ನಮ್ ತಾತ ಕುದುರೆಗೆ ಕಟ್ತಿದ್ರು. ನಾನು ನಿಟ್ಟೂರು, ಗುಬ್ಬಿ, ಎಲ್ಲಾ ಸಂತೆಗೂ ಹೋಗ್ತಿದ್ದೆ. ಗೊರಸು ಕೆತ್ತೋ ಚೂರಿನೂ ಹಿಂಗೇ ಇರೋದು."

ಊರೂರಿಗೆ ಟ್ರ್ಯಾಕ್ಟರ್ ಬಂದ ಮೇಲೆ ಲಾಳ ಕಟ್ಟಿಸುವ ಎತ್ತುಗಳು ಕಡಿಮೆಯಾದವು. ಹೆಂಡತಿ ಮಸ್ತಾನ್ ಬೀ ತೀರಿಕೊಂಡಳು, ಮಕ್ಕಳಿರಲಿಲ್ಲ. ಕಟ್ಟಡವೊಂದರ ಕಾವಲು ಕೆಲಸಕ್ಕೆ ತುಮಕೂರಿಗೆ ಬಂದ. ಕಟ್ಟಡ ಮುಗಿಯಿತು, ಕೆಲಸವೂ ಮುಗಿಯಿತು. ಇಷ್ಟನ್ನೂ ಅವನು ಬೇರೆ ಯಾರದೋ ಸುದ್ದಿಯಂತೆ ನಾಲ್ಕೇ ಮಾತಿನಲ್ಲಿ ಮುಗಿಸಿದ.

"ನೀವ್ಯಾಕೆ ಕಾಲು ತೊಳೆಸ್ಕೊಳ್ಳಲ್ಲ ಸಾಬ್ರೆ?" ಎಂದು ಅನುಪಮಾ ಕೇಳಿದಳು. ಮತ ಬದಲಿಸುತ್ತಾರೆಂಬ ಹೆದರಿಕೆ ಇರಬಹುದು ಎಂದುಕೊಂಡಿದ್ದಳು.

ಅಕ್ರಂ ಚಪ್ಪಲಿ ಕಳಚಿ ಪಾದ ಮುಂದಿಟ್ಟ. ಉಗುರುಗಳು ನೇರವಾಗಿ ಕತ್ತರಿಸಿದ್ದವು. ಹಿಮ್ಮಡಿಯಲ್ಲಿ ಒಂದೂ ಬಿರುಕಿರಲಿಲ್ಲ. ಇಂಗ್ರಿಡ್ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಜೋರಾಗಿ ನಕ್ಕುಬಿಟ್ಟಳು.

"ತೊಳೆಯೋಕೇನೈತೆ?" ಎಂದ ಅವನು, ತಾನೂ ನಗುತ್ತ. "ದಿನಾ ಮಸೀದಿ ನಲ್ಲೀಲಿ ಐದು ಸಲ ತೊಳೀತೀನಿ."

ಅಂದಿನಿಂದ ಅವರಿಬ್ಬರ ಪ್ರಶ್ನೆಗಳಿಗೆ ಕೊನೆಯಿಲ್ಲದಾಯಿತು. ಅನುಪಮಾಳ ಗಂಟಲು ಒಣಗುತ್ತಿತ್ತು. ಇಂಗ್ರಿಡ್‌ಳ ತಂದೆಯ ಹತ್ತಿರ ಕುದುರೆ ಇತ್ತಂತೆ. ಚಳಿಗಾಲದಲ್ಲಿ ನೆಲವೆಲ್ಲ ಹೆಪ್ಪುಗಟ್ಟಿದಾಗ ಅದು ಜಾರದಿರಲೆಂದು ಲಾಳಕ್ಕೆ ಚೂಪು ಮೊಳೆಗಳನ್ನು ತಿರುಪಿ ಕೂರಿಸುತ್ತಿದ್ದರಂತೆ. ಅಕ್ರಂ ಕಣ್ಣರಳಿಸಿದ. ಎಷ್ಟು ಮೊಳೆ? ಮುಂದೆಯೋ ಹಿಂದೆಯೋ? ಬೇಸಿಗೆಯಲ್ಲಿ ಬಿಚ್ಚುತ್ತಾರಾ? ಎತ್ತಿಗೆ ಒಂದು ಕಾಲಿಗೆ ಎರಡು ಲಾಳ ಯಾಕೆಂದು ಅವಳು ಕೇಳಿದಳು. ಗೊರಸು ಸೀಳಿರುವುದನ್ನು ಅವನು ಮಣ್ಣಿನ ಮೇಲೆ ಬರೆದು ತೋರಿಸಿದ.

ಕೊನೆಗೆ, ಅನುಪಮಾ ಬಾಯಿಬಿಡಲು ಹಿಂಜರಿಯುತ್ತಿದ್ದ ಪ್ರಶ್ನೆಯನ್ನು ಅವನೇ ಕೇಳಿದ.

"ನಿಮ್ಮೂರಲ್ಲಿ ಮನೆ ಇಲ್ದೋರು ಇಲ್ವಾ ತಾಯಿ?"

"ಇದ್ದಾರೆ," ಎಂದಳು ಇಂಗ್ರಿಡ್. "ನಮ್ಮೂರ ಸ್ಟೇಷನ್ ಬಾಗಿಲಲ್ಲೇ ಒಬ್ಬ ಕೂರುತ್ತಾನೆ."

"ಅವ್ನ ಕಾಲು ಯಾರು ನೋಡ್ತಾರೆ?"

ಅವಳು ಟವೆಲ್ ಮಡಿಸಿ ಪಕ್ಕಕ್ಕಿಟ್ಟಳು. "ನನ್ನ ಯೇಸು ಶಿಷ್ಯರ ಕಾಲು ತೊಳೆದ. ಅದಕ್ಕೇ ಬಂದೆ ಎಂದು ಊರಲ್ಲಿ ಎಲ್ಲರಿಗೂ ಹೇಳಿದೆ. ಅದು ಸುಳ್ಳಲ್ಲ. ಆದರೆ ಸ್ಟೇಷನ್ನಿನ ಆ ಮನುಷ್ಯನ ಪಕ್ಕದಲ್ಲೇ ಹಾದುಹೋಗುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಇಲ್ಲಿ ಹಾಗೆ ಹಾದುಹೋಗುವ ಅಭ್ಯಾಸ ನನಗಿನ್ನೂ ಆಗಿಲ್ಲ. ಅವನ ಹೆಸರು ನನಗೆ ಗೊತ್ತಿಲ್ಲ, ಅಕ್ರಂ."

ಅದನ್ನು ಕನ್ನಡಕ್ಕೆ ಹೇಳುವಾಗ ಅನುಪಮಾಳ ಮುಖ ಬಿಸಿಯಾಯಿತು. ಅಕ್ರಂ ಮಲಗುವ ಜಗಲಿಯ ಮುಂದೆಯೇ ಅವಳು ದಿನಾ ಕಾಲೇಜಿನ ಬಸ್ ಹತ್ತುತ್ತಿದ್ದಳು. ಅವನನ್ನು ಒಮ್ಮೆಯೂ ಕಂಡ ನೆನಪಿರಲಿಲ್ಲ.

ಐದನೆಯ ದಿನ ರಂಗಮ್ಮ ಬಂದಳು. ಗೂಳೂರಿನ ಕಡೆಯವಳು, ಎಪಿಎಂಸಿ ಯಾರ್ಡಿನಲ್ಲಿ ಗೋಣಿಚೀಲ ಹೊಲಿಯುತ್ತಿದ್ದವಳು, ಈಗ ಅಲ್ಲೇ ಗೋಡೆ ಪಕ್ಕ ಮಲಗುತ್ತಿದ್ದಳು. ಕಂಕುಳಲ್ಲಿ ಒಂದು ಬಟ್ಟೆಗಂಟು. ಎಡಗಾಲು ತೋರಿಸಿದಳು. ಹಿಮ್ಮಡಿ ಒಣಗಿದ ಗದ್ದೆಯಂತೆ ಬಿರಿದಿತ್ತು. ಇಂಗ್ರಿಡ್ ಅರ್ಧ ಗಂಟೆ ಅದರ ಆರೈಕೆ ಮಾಡಿದಳು. ರಂಗಮ್ಮ ಕೈಮುಗಿದು ಗೇಟಿನ ಕಡೆ ಹೊರಟಳು.

"ಅದಲ್ಲ!" ಎಂದು ಅಕ್ರಂ ಗೋಡೆ ಬಿಟ್ಟು ಎದ್ದ. "ಅಮ್ಮ, ನಿಲ್ಸಿ ಅವ್ಳನ್ನ. ನೋಯ್ತಿರೋದು ಬಲಗಾಲು. ನಡೆಯೋದು ನೋಡಿ, ಬಲಗಾಲು ಊರಿದ ತಕ್ಷಣ ಎತ್ತಿಬಿಡ್ತಾಳೆ. ಭಾರವೆಲ್ಲ ಎಡಗಾಲೇ ಹೊರ್ತದೆ. ಹೊತ್ತು ಹೊತ್ತೇ ಅದು ಹಂಗೆ ಒಡ್ದದೆ."

ಅನುಪಮಾ ಓಡಿಹೋಗಿ ಕರೆತಂದಳು.

"ಬಲಗಾಲ್ಗೆ ಏನೂ ಆಗಿಲ್ಲ ಕಣವ್ವ, ಬುಡಿ," ಎಂದಳು ರಂಗಮ್ಮ, ಪಾದವನ್ನು ಸೀರೆಯೊಳಗೆ ಎಳೆದುಕೊಂಡು.

ಅಕ್ರಂ ಅವಳ ಎದುರು ಕುಕ್ಕರಗಾಲಲ್ಲಿ ಕೂತ. "ನೋಡಕ್ಕ, ಎತ್ತಾದ್ರೆ ಒದೀತದೆ. ಆದ್ರೆ ಸುಳ್ಳು ಹೇಳಲ್ಲ. ಒಂದ್ಸಲ ಮುಟ್ತೀನಿ ಅಷ್ಟೆ."

ಅವನು ಅಂಗಾಲಿನ ದಪ್ಪ ಚರ್ಮವನ್ನು ಬೆರಳಗಂಟಿನಿಂದ ಮೆಲ್ಲಗೆ ತಟ್ಟುತ್ತ ಹೋದ. ಹೆಬ್ಬೆರಳಿನ ಬುಡಕ್ಕೆ ಬಂದಾಗ ರಂಗಮ್ಮ ಕಿರುಚಿ ಅವನ ಟೋಪಿ ಹಾರುವಂತೆ ಒದ್ದಳು. ಇಂಗ್ರಿಡ್ ಟಾರ್ಚಿನ ಬೆಳಕು ಬಿಟ್ಟು ನೋಡಿದಳು. ಒಳಗೆ ಕೀವು ತುಂಬಿತ್ತು. "ಇದು ಇಲ್ಲಿ ಮಾಡುವ ಕೆಲಸವಲ್ಲ, ಇವತ್ತೇ ಆಸ್ಪತ್ರೆಗೆ ಹೋಗಬೇಕು," ಎಂದಳು.

ಆಸ್ಪತ್ರೆ ಎಂದದ್ದೇ ತಡ ರಂಗಮ್ಮ ಅಳತೊಡಗಿದಳು. ಹಿಂದೊಮ್ಮೆ ಜ್ವರ ಬಂದು ಯಾರೋ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ವಾಪಸು ಬರುವಷ್ಟರಲ್ಲಿ ಯಾರ್ಡಿನಲ್ಲಿ ಬಿಟ್ಟಿದ್ದ ಗಂಟು ಮಾಯವಾಗಿತ್ತು. ಅದರಲ್ಲಿ ಸತ್ತ ಮಗಳ ಒಂದೇ ಒಂದು ಫೋಟೋ ಇತ್ತು. "ಇನ್ನು ಇರೋದೂ ಹೋಯ್ತದೆ," ಎಂದಳು.

"ಗಂಟು ಜೊತೇಲೇ ತಗೊಂಡ್ ಹೋಗೋಣ," ಎಂದಳು ಅನುಪಮಾ. "ಒಳಗೆ ಬಿಡದಿದ್ರೆ ಹೊರಗೆ ನಾನು ಹಿಡ್ಕೊಂಡ್ ಕೂತಿರ್ತೀನಿ. ಎಲ್ಲೂ ಹೋಗಲ್ಲ."

ಆಟೋದಲ್ಲಿ ಹೋದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಅನುಪಮಾ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮೂರು ಗಂಟೆ ಕೂತಳು. ಒಳಗೇನಿದೆ ಎಂಬ ಕುತೂಹಲ ತಡೆಯಲಾರದಷ್ಟಿತ್ತು. ಬಿಚ್ಚಲಿಲ್ಲ. ಡಾಕ್ಟರು ರಂಗಮ್ಮನ ಪಾದದಿಂದ ತೆಗೆದದ್ದು ಗೋಣಿಚೀಲ ಹೊಲಿಯುವ ದಬ್ಬಳದ ಮುರಿದ ತುದಿ, ಅರ್ಧ ಇಂಚು ಉದ್ದ. ಇನ್ನೊಂದು ವಾರ ಬಿಟ್ಟಿದ್ದರೆ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತಿತ್ತು ಎಂದರು.

ಮರುದಿನದಿಂದ ಇಂಗ್ರಿಡ್ ತನ್ನ ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಸಿದಳು. ಸಾಲಿನಲ್ಲಿ ಬರುವವರು ಮೊದಲು ಗೇಟಿನಿಂದ ಶಾಮಿಯಾನದವರೆಗೆ ಅಕ್ರಂ ಎದುರು ನಡೆಯಬೇಕು. ಅವನು ಹೇಳಿದ ಕಾಲನ್ನು ಅವಳು ಮೊದಲು ನೋಡುವಳು. ಮೂರು ಸಲ ಅವನ ಊಹೆ ತಪ್ಪಿತು. ತಪ್ಪಿದಾಗಲೆಲ್ಲ ಯಾಕೆ ತಪ್ಪಿತೆಂದು ಇಬ್ಬರೂ ತಲೆ ಕೂಡಿಸಿ ಕೂರುತ್ತಿದ್ದರು.

ಹತ್ತನೆಯ ದಿನ ಆರೂ ಜನ ಹೊರಟರು. ಇಂಗ್ರಿಡ್ ತನ್ನ ಪೆಟ್ಟಿಗೆಯನ್ನು ಅಕ್ರಂಗೆ ಕೊಟ್ಟಳು. ಅವನು ಅವಳ ಕೈಹಿಡಿದು, "ಆ ಸ್ಟೇಷನ್‌ನೋನ ಹೆಸ್ರು ಕೇಳಿ ತಾಯಿ," ಎಂದ. ಅದನ್ನು ಅನುಪಮಾ ಹೇಳಿದಾಗ ಇಂಗ್ರಿಡ್ ಆಗಲೆಂದು ತಲೆಯಾಡಿಸಿದಳು.

ತಿಂಡಿಯನ್ನೂ ಕಾಲು ನೋಡುವುದನ್ನೂ ನಿಲ್ಲಿಸದೆ ವಾರಕ್ಕೊಮ್ಮೆ, ಗುರುವಾರವಾದರೂ ನಡೆಸಬೇಕೆಂದು ಪಾಸ್ಟರ್ ತೀರ್ಮಾನಿಸಿದರು. ಅಂಗಳದ ಮೂಲೆಯ ಸಾಮಾನಿನ ಕೋಣೆಯನ್ನು ಖಾಲಿ ಮಾಡಿಸಿ ಅಕ್ರಂಗೆ ಕೊಟ್ಟು, ಕಾವಲಿಗೆ ಇಟ್ಟುಕೊಂಡರು. ಅವನು ನಮಾಜಿಗೆ ಹೋಗುವಾಗ ಗೇಟಿನ ಕೀಲಿ ಪಾಸ್ಟರ್ ಹೆಂಡತಿಯ ಕೈಯಲ್ಲಿರುತ್ತಿತ್ತು.

ಪರದೇಶದವರಿಲ್ಲದ ಮೊದಲ ಗುರುವಾರ ಏಳು ಜನ ಬಂದರು. ದಾಟಿಸಲು ಯಾರ ಮಾತೂ ಇರಲಿಲ್ಲ. ಅನುಪಮಾ ಟಬ್ಬಿನ ಮುಂದಿನ ಸ್ಟೂಲಿನ ಮೇಲೆ ಕೂತಳು. ಎದುರಿಗೆ ಗುಬ್ಬಿಯ ಕಡೆಯ ಒಬ್ಬ ಮುದುಕ, ಹೆಸರು ಚನ್ನಬಸವಯ್ಯ, ಸಂಕೋಚದಿಂದ ಪಾದ ನೀರಿಗಿಟ್ಟ. ಬೇರೆಯವರ ಕಾಲನ್ನು ಅವಳು ಜನ್ಮದಲ್ಲಿ ಮುಟ್ಟಿರಲಿಲ್ಲ, ನಮಸ್ಕಾರ ಮಾಡಿದ್ದನ್ನು ಬಿಟ್ಟರೆ. ಕೈ ನೀರಿನ ಅಂಚಿನಲ್ಲೇ ನಿಂತಿತು.

"ಹಿಮ್ಮಡಿ ಕೆಳಗೆ ಕೈ ಕೊಡಿ ಅಮ್ಮ," ಎಂದ ಅಕ್ರಂ ಪಕ್ಕದಿಂದ. "ಗಟ್ಟಿಯಾಗಿ ಹಿಡೀರಿ. ಸಡ್ಲ ಹಿಡಿದ್ರೆ ಅವ್ರಿಗೆ ಭಯ ಆಗ್ತದೆ."

ಅವಳು ಹಿಡಿದಳು. ಒಂದು ಪಾದ ಅಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಯಾವ್ ಕೆಲ್ಸ ಮಾಡ್ತಿದ್ರಿ ಅಜ್ಜಾರೆ?" ಎಂದು ಕೇಳಿದಳು.