ಹಿತ್ತಲ ಗೋಡೆಯ ಮೊಳೆಗಳು

ಹೇಳಿಬಿಡಲೇ? ಹೇಳಿದರೆ ಕೆಲಸ ಹೋದೀತು ಎಂಬ ಅಂಜಿಕೆಯೇ ತನ್ನನ್ನು ತಡೆಯುತ್ತಿರುವುದು, ಇಲ್ಲಾ ಹೇಳಿದ ಮೇಲೂ ಈ ಅತಿಥಿಗಳೆಲ್ಲ ಪಾಪ ಎಂದು ಲೊಚಗುಟ್ಟಿ ಇನ್ನೊಂದು ಫೋಟೊ ತೆಗೆದುಕೊಳ್ಳುತ್ತಾರೆ ಎಂಬ ಅಸಹ್ಯವೇ? ದಯಾನಂದನಿಗೆ ತಿಳಿಯಲಿಲ್ಲ.

ಬಣಕಲ್ಲಿನ ಹತ್ತಿರದ ಆ ಬಂಗಲೆಯನ್ನು ಕಟ್ಟಿಸಿದವನು ಒಬ್ಬ ಇಂಗ್ಲಿಷ್ ದೊರೆ. ಮುಂದಿನ ಹಜಾರದಲ್ಲಿ ಸುತ್ತಲಿನ ಎಸ್ಟೇಟಿನ ದೊರೆಗಳು ಕುಡಿಯುತ್ತಿದ್ದರು. ಅವರು ಹೋದ ಮೇಲೂ ಅದು ಬಹಳ ಕಾಲ ಸಾರಾಯಿ ಅಂಗಡಿಯಾಗಿತ್ತು. ಈಗ ಹೋಂಸ್ಟೇ. ಇತಿಹಾಸದಲ್ಲಿ ಎಂ.ಎ. ಮಾಡಿ ಸುಮ್ಮನೆ ಕೂತಿದ್ದ ದಯಾನಂದನನ್ನು ಮಾಲೀಕ ಜಯಪ್ರಕಾಶ್ ಗೌಡರು ಅತಿಥಿಗಳಿಗೆ ಮನೆಯ ಕಥೆ ಹೇಳಲು ಇಟ್ಟುಕೊಂಡಿದ್ದರು. ಕಾಫಿ ಕೊಯ್ಯುವ ಅವನ ಅವ್ವ ಅದನ್ನು ಕೂಲಿ ಲೈನಿನ ಮನೆಮನೆಗೂ ಹೇಳಿಕೊಂಡು ಬಂದಿದ್ದಳು.

ಹಿತ್ತಲ ಗೋಡೆಯ ಸುಣ್ಣ ಕೆರೆಸಿದಾಗ ಸಣ್ಣ ಕಿಟಕಿಯೊಂದರ ಅಕ್ಕಪಕ್ಕ ತುಕ್ಕು ಹಿಡಿದ ಮೊಳೆಗಳ ಸಾಲು ಕಂಡಿತ್ತು. ಇವು ಯಾಕೆಂದು ಗೌಡರು ಕೇಳಿದಾಗ, ಲಾಟೀನು ತೂಗುಹಾಕಲು ಎಂದಿದ್ದ. ಅಜ್ಜಿ ಕಲ್ಲಮ್ಮ ಅವನಿಗೆ ಹೇಳಿದ್ದೇ ಬೇರೆ. ಒಳಗೆ ಕಾಲಿಡಬಾರದ ತಮ್ಮ ಜನರ ತೆಂಗಿನ ಚಿಪ್ಪುಗಳು ಅಲ್ಲಿ ನೇತಾಡುತ್ತಿದ್ದವು. ಅವರವರ ಚಿಪ್ಪು ಅವರೇ ತೆಗೆದು ಕಿಟಕಿಯ ಕೆಳಗೆ ಹಿಡಿಯಬೇಕು. ತಾಗದಂತೆ ಮೇಲಿನಿಂದ ಸಾರಾಯಿ ಸುರಿಯುತ್ತಿದ್ದರು. ಕುಡಿದು, ತೊಳೆದು, ಮತ್ತೆ ಮೊಳೆಗೆ.

ಈ ಸಂಜೆ ಗೌಡರು ಹೊಸ ಏರ್ಪಾಡು ಮಾಡಿದ್ದರು: ಅನಾನಸ್ ರಸ ಬೆರೆಸಿದ ರಮ್ಮು, ದಾರ ಕಟ್ಟಿದ ತೆಂಗಿನ ಚಿಪ್ಪಿನಲ್ಲಿ. ಅತಿಥಿಯೊಬ್ಬಳು ತಾನು ಕುಡಿದ ಚಿಪ್ಪನ್ನು ಮೊಳೆಗೆ ಸಿಕ್ಕಿಸಿ ಫೋಟೊ ತೆಗೆದಳು. ಉಳಿದವರೂ ಸಿಕ್ಕಿಸಿದರು. ಅಂಟು ರಸ ಗೋಡೆಯುದ್ದಕ್ಕೂ ಇಳಿದು ನೊಣ ಮುತ್ತಿದವು.

"ನಿನ್ನ ಲಾಟೀನಿಗಿಂತ ಇದೇ ಚಂದ ಕಾಣ್ತದಲ್ಲ ಮಾರಾಯ," ಎಂದರು ಗೌಡರು. "ಇದಕ್ಕೂ ಒಂದು ಕಥೆ ಸೇರಿಸು."

"ಸೇರಿಸ್ಬೋದು ಗೌಡ್ರೇ."

"ದಿನಾ ನಿಂತೇ ಇರ್ತೀಯ. ತಗೋ, ನೀನೂ ಕುಡಿ."

ಗೌಡರು ಪ್ರೀತಿಯಿಂದಲೇ ಹೇಳಿದ್ದರು. ಅವರು ಹಿತ್ತಲ ಜಗಲಿಯ ಮೇಲಿದ್ದರು, ಅವನು ಕೆಳಗೆ ಅಂಗಳದಲ್ಲಿ. ಕೈಗೆ ಬಂದ ಚಿಪ್ಪನ್ನು ಅವನು ಎತ್ತಿ ಹಿಡಿದ. ಅವರು ಬಗ್ಗದೆ ಜಗ್ಗಿನಿಂದ ಸುರಿದರು. ಸುರಿಯುವುದು ಮುಗಿದ ಮೇಲೆ ಅವನಿಗೆ ಚಿಪ್ಪು ಹಿಡಿದು ಮೇಲೆತ್ತಿದ ತನ್ನ ಕೈಗಳು ಕಂಡವು. ಆದರೂ ಕುಡಿದ. ಸಿಹಿ ಕಫದಂತೆ ಗಂಟಲಿಗೆ ಅಂಟಿತು.

ಎಲ್ಲರೂ ಕಥೆಗೆಂದು ಅವನತ್ತ ತಿರುಗಿದರು. ದೊರೆಗಳಿಗೆ ತೆಂಗಿನ ಚಿಪ್ಪಿನಲ್ಲಿ ಕುಡಿಯುವ ಶೋಕಿಯಿತ್ತೆಂದು ಅವನು ಶುರು ಮಾಡಿದ. ನಕ್ಕರು, ಚಪ್ಪಾಳೆಯನ್ನೂ ತಟ್ಟಿದರು.

ಕಿಟಕಿಗೆ ತಾಗಿದ ಮೊಳೆ ತನ್ನ ಅಜ್ಜ ದಾಸಯ್ಯನದು ಎಂದು ಅವನು ಯಾರಿಗೂ ಹೇಳಲಿಲ್ಲ.