ಪೊನ್ನಪ್ಪನವರ ಪರಿಪೂರ್ಣ ನಂಬರು

ಶನಿವಾರಸಂತೆಯ ನಿವೃತ್ತ ಗಣಿತ ಮೇಷ್ಟ್ರು ರೇವಣ್ಣನವರಿಗೆ ಬೇಕಾಗಿದ್ದುದು ಒಂದು ಮೊಬೈಲ್ ನಂಬರು. ಒಂಬತ್ತುಗಳ ಸಾಲಿನ ಫ್ಯಾನ್ಸಿ ನಂಬರಲ್ಲ. ಎಂಟರಿಂದ ಶುರುವಾಗಿ ಐವತ್ತಾರಕ್ಕೆ ಮುಗಿಯುವ, ಬೇರೆಯವರು ತಿರುಗಿಯೂ ನೋಡದ ಹತ್ತಂಕಿ. ವರ್ಷಗಟ್ಟಲೆ ಅದಕ್ಕೆ ಫೋನ್ ಮಾಡಿ, ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂದು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಕೊನೆಗೊಂದು ದಿನ ಕಕ್ಕಬೆಯ ತೋಟದ ಯಜಮಾನ ಪೊನ್ನಪ್ಪನವರು ಫೋನೆತ್ತಿದರು. ಮರುದಿನವೇ ಮೇಷ್ಟ್ರು ಮೂರು ಬಸ್ಸು ಬದಲಿಸಿ ಅವರ ಜಗುಲಿಯಲ್ಲಿ ಹಾಜರು.

ಹೊರಡುವಾಗ ಹೆಂಡತಿ ಸುಲೋಚನಮ್ಮ ಹೇಳಿಯೇ ಕಳಿಸಿದ್ದರು: “ನಂಬರ್ ಇಸ್ಕಂಡು ಬನ್ನಿ. ಅಲ್ಲೂ ಪಾಠ ಶುರು ಹಚ್ಕಬೇಡಿ.”

ಪೊನ್ನಪ್ಪನವರದು ಧಾರಾಳ ಕೈ. ಆ ಸಿಮ್ಮಿಗೆ ಮನೆಯಲ್ಲಿ ಸಿಗ್ನಲ್ಲೇ ಸಿಗುವುದಿಲ್ಲ, ಬೇಕಾದರೆ ತೆಗೆದುಕೊಂಡು ಹೋಗಿ ಎಂದರು. ಹೆಸರು ಬದಲಾವಣೆಯ ಅರ್ಜಿಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದವರು, ಇಷ್ಟು ದೂರ ಬರುವಂಥದ್ದು ಇದರಲ್ಲೇನಿದೆ ಎಂದು ಸುಮ್ಮನೆ ಕೇಳಿದರು. ಏನೋ ಒಂದು ಸುಳ್ಳು ಹೇಳಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ‘ಯಾಕೆ ಸಾರ್?’ ಎಂದು ಯಾರಾದರೂ ಕೇಳಲಿ ಎಂದು ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ಕಾದಿದ್ದ ಮನುಷ್ಯ. ತಡೆಯಲಾಗಲಿಲ್ಲ.

ಕಣದಲ್ಲಿ ಒಣಗುತ್ತಿದ್ದ ಕಾಫಿ ಹಣ್ಣನ್ನು ಇಪ್ಪತ್ತೆಂಟು ಎಣಿಸಿ ತಂದು ಜಗುಲಿಯ ಮೇಲೆ ಸಾಲು ಹಚ್ಚಿದರು. ಇಪ್ಪತ್ತೆಂಟನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳು ಒಂದು, ಎರಡು, ನಾಲ್ಕು, ಏಳು, ಹದಿನಾಲ್ಕು. ಅಷ್ಟನ್ನೂ ಕೂಡಿದರೆ ಮತ್ತೆ ಇಪ್ಪತ್ತೆಂಟೇ. ಹೆಚ್ಚಿಲ್ಲ, ಕಡಿಮೆಯಿಲ್ಲ, ಅದಕ್ಕೇ ಪರಿಪೂರ್ಣ ಸಂಖ್ಯೆ. ಇಂಥವು ಬಲು ಅಪರೂಪ. ಆರು ಮೊದಲನೆಯದು, ಇಪ್ಪತ್ತೆಂಟು ಎರಡನೆಯದು, ಪೊನ್ನಪ್ಪನವರ ನಂಬರು ಆರನೆಯದು. ಹತ್ತಂಕಿಯಲ್ಲಿ ಇರುವುದು ಅದೊಂದೇ ಎಂದರು ಮೇಷ್ಟ್ರು.

ಪೊನ್ನಪ್ಪನವರು ಹಣ್ಣುಗಳನ್ನೇ ನೋಡುತ್ತಾ ಪೆನ್ನಿನ ಮುಚ್ಚಳ ಹಾಕಿದರು. “ಅಲ್ಲ ಮೇಷ್ಟ್ರೇ, ಹಾಗಾದ್ರೆ ನಾನ್ಯಾಕೆ ಇದನ್ನ ಕೊಡ್ಬೇಕು?”

ಮೇಷ್ಟ್ರಿಗೆ ತಮ್ಮ ಬಾಯಿಗೆ ತಾವೇ ಹೊಡೆದುಕೊಳ್ಳೋಣ ಅನ್ನಿಸಿತು. ಅದು ಸಾಲದೆಂಬಂತೆ ಪೊನ್ನಪ್ಪನವರು, ತಮ್ಮ ನಂಬರಿನ ಭಾಜಕಗಳನ್ನೂ ಬರೆದುಕೊಡಿ, ಕೂಡಿ ನೋಡದೆ ನಂಬುವುದಿಲ್ಲ ಎಂದರು. ಬೇರೆ ಹಾಳೆ ಇರಲಿಲ್ಲ. ಮೇಷ್ಟ್ರು ಸಿಟ್ಟಿನಲ್ಲಿ ಅರ್ಜಿಯ ಹಿಂಬದಿಗೇ ಎರಡು, ನಾಲ್ಕು, ಎಂಟು ಎಂದು ಶುರುಮಾಡಿ ಪುಟ ತುಂಬಿಸಿ ಮುಂದೆ ತಳ್ಳಿದರು. ಪೊನ್ನಪ್ಪನವರು ಹಣ್ಣು ಕೊಯ್ಯುವ ಪಿಕಿಂಗ್ ದಿನದ ತೂಕ ಕೂಡುವವರ ಹಾಗೆ ಒಂದೊಂದರ ಮೇಲೂ ಬೆರಳಿಟ್ಟು ಕೂಡುತ್ತಾ ಹೋದರು. ಎರಡು ಲೋಟ ಕಾಫಿ ಆರಿತು.

“ಒಂದು ಕಮ್ಮಿ ಬರ್ತದೆ,” ಎಂದರು ಕೊನೆಗೆ.

ಮೇಷ್ಟ್ರು ಗಾಬರಿಯಾಗಿ ಹಾಳೆಗೆ ಕೈ ಚಾಚಿದರು. ಪೊನ್ನಪ್ಪನವರು ಬಿಡಲಿಲ್ಲ, ಹಣ್ಣಿನ ಸಾಲನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿದರು.

“ನೀವು ಎರಡರಿಂದ ಶುರು ಮಾಡಿದ್ದೀರಿ ಮೇಷ್ಟ್ರೇ. ಒಂದು ಎಲ್ಲವನ್ನೂ ಭಾಗಿಸ್ತದಲ್ಲ?”

ಮೂವತ್ತನಾಲ್ಕು ವರ್ಷದಲ್ಲಿ ಬೋರ್ಡಿನ ಮೇಲೆ ರೇವಣ್ಣನವರು ಬರೆದ ತಪ್ಪನ್ನು ಒಬ್ಬ ವಿದ್ಯಾರ್ಥಿಯೂ ಹಿಡಿದಿರಲಿಲ್ಲ. ಅವರಿಗೆ ಅಳು ಬರುವಷ್ಟು ಸಂತೋಷವಾಯಿತು.

“ಇಟ್ಕಳಿ,” ಎಂದರು. “ನಂಬರು ನಿಮ್ದೇ.”