ತಿರುವಿನ ಮೇಲಿನ ಮನೆ

ಗಜೇಂದ್ರಗಡದ ಭಾರತಿ ತಾನು ನೇಯ್ದ ಸೀರೆಯನ್ನು ಕೊಡಲು ಹೊಸ ಬಡಾವಣೆಯ ಮಾಬೂಬಿಯ ಮನೆಗೆ ಹೋಗಿದ್ದಳು. ಸೀರೆ ಕೊಟ್ಟು, ನೀರು ಕುಡಿದು ಹೊರಟವಳು ಅಂಗಳದಲ್ಲಿ ನಿಂತುಬಿಟ್ಟಳು. ಕರಿಬೇವಿನ ಗಿಡದ ಪಕ್ಕ ಅರ್ಧ ಹೂತ ಹಳೆಯ ಟೈರುಗಳು ಬಾಗಿದ ಸಾಲಾಗಿ ನಿಂತಿದ್ದವು. ಅವುಗಳ ಮೇಲೆ ಅಲ್ಲಲ್ಲಿ ಸುಣ್ಣದ ಬಿಳಿ ಇನ್ನೂ ಉಳಿದಿತ್ತು.

“ಈ ಟೈರು ಎಲ್ಲಿಂದ ತಂದ್ರಿ?”

“ತಂದಿಲ್ಲವ್ವಾ, ಇಲ್ಲೇ ಸಿಕ್ಕಾವು,” ಎಂದಳು ಮಾಬೂಬಿ. “ಮನಿ ಪಾಯಾ ತಗಿಯುವಾಗ ಹಿಂಗ ಸಾಲಾಗಿ ಬಂದ್ವು, ಇದ್ದಲ್ಲೇ ಬಿಟ್ಟೀವಿ. ಇಲ್ಲಿ ಪಂಕ್ಚರ್ ಅಂಗಡಿ ಇತ್ತೇನೋ ಅಂತ ಗೌಂಡಿ ಅಂದ. ನಡು ಹೊಲದಾಗ ಪಂಕ್ಚರ್ ಅಂಗಡಿ ಯಾರು ಇಡ್ತಾರ? ಅವತ್ತಿಂದ ಕೇಳ್ಕೊಂತ ಬಂದೀನಿ, ಯಾರೂ ಹೇಳವಲ್ರು.”

ಟೈರುಗಳ ಕಥೆ ಭಾರತಿಗೆ ಗೊತ್ತಿತ್ತು. ಅದು ನಡೆದ ಜಾಗ ಎಲ್ಲಿ ಹೋಯಿತೆಂಬುದು ಮಾತ್ರ ಇಷ್ಟು ವರ್ಷ ಗೊತ್ತಿರಲಿಲ್ಲ. ಅಲ್ಲೇ ನಿಂತು ಮಾಬೂಬಿಗೆ ಎಲ್ಲ ಹೇಳಿದಳು.

ಅವಳು ಸಣ್ಣವಳಿದ್ದಾಗ, ಜೋಳದ ರಾಶಿ ಮುಗಿದ ಮೇಲೆ, ಊರಿನ ಗ್ಯಾರೇಜಿನವರು ಸೇರಿ ಖಾಲಿ ಹೊಲಗಳಲ್ಲಿ ಮೋಟರ್ ಸೈಕಲ್ ರೇಸು ನಡೆಸುತ್ತಿದ್ದರು. ಧೂಳೇಳದಂತೆ ನೀರು ಹೊಡೆದು, ತಿರುವಿನಲ್ಲಿ ಸುಣ್ಣ ಬಳಿದ ಟೈರು ಹೂಳುತ್ತಿದ್ದರು. ರೋಣ, ನರಗುಂದದಿಂದಲೂ ಸವಾರರು ಬರುತ್ತಿದ್ದರು. ರೇಸು ಮುಗಿಯಿತೆಂದು ತೋರಿಸುವ ಬಾವುಟದ ಕೆಂಪು ಬಟ್ಟೆ ಅವಳ ಅಪ್ಪ ಗ್ಯಾನಪ್ಪನ ಮಗ್ಗದ್ದು. ಹಾಗಾಗಿ ಅದನ್ನು ಬೀಸುವ ಕೆಲಸವೂ ಅವನದೇ ಆಗಿತ್ತು.

ಕೊನೆಯ ವರ್ಷ ಮುಶಿಗೇರಿಯ ಗವಿಸಿದ್ದಪ್ಪ ಎಲ್ಲರಿಗಿಂತ ಮುಂದಿದ್ದ. ಕೊನೆಯ ಸುತ್ತಿನಲ್ಲಿ, ಟೈರಿನ ತಿರುವಿನಲ್ಲಿ ಜಾರಿ ಬಿದ್ದ. ಗ್ಯಾನಪ್ಪ ಬಾವುಟ ಎಸೆದು ಓಡಿಹೋಗಿ ಅವನನ್ನು ಬದಿಗೆ ಎಳೆದುಕೊಂಡ. ಬಾವುಟ ಕಾಣದೆ ಉಳಿದವರು ಸುತ್ತುತ್ತಲೇ ಇದ್ದರು. ಪೆಟ್ರೋಲ್ ತೀರಿದಂತೆ ಒಬ್ಬೊಬ್ಬರಾಗಿ ನಿಂತರು. ಮುಂದೆ ರೇಸು ನಡೆಯಲಿಲ್ಲ, ಹೊಲವೆಲ್ಲ ಪ್ಲಾಟಾಯಿತು.

“ಹಂಗಾದ್ರ ಗೆದ್ದವರು ಯಾರು?” ಮಾಬೂಬಿ ಕೇಳಿದಳು.

“ಗೊತ್ತಿಲ್ರಿ. ಅಪ್ಪ ಇದ್ದಾಗ ಕೇಳಬೇಕಂತ ಹೊಳೀಲೇ ಇಲ್ಲ.”

ಮಾಬೂಬಿ ಚಪ್ಪಲಿ ಮೆಟ್ಟಿಕೊಂಡಳು. ಇಬ್ಬರೂ ಟೈರಿನ ಸಾಲು ಬಾಗಿದ ದಿಕ್ಕನ್ನೇ ಹಿಡಿದು ಓಣಿಗಳಲ್ಲಿ ನಡೆದರು. ರಸ್ತೆ ತಗ್ಗಿಗಿಳಿದ ಕಡೆ ಭಾರತಿ ನಿಂತಳು. “ಇಲ್ಲಿ ಗಾಡಿ ಹಾರತಿದ್ವು.”

“ಮಳಿ ಬಂದ್ರ ನೀರು ಇಲ್ಲೇ ನಿಂದರತೈತಿ,” ಎಂದ ಮಾಬೂಬಿ, “ಗವಿಸಿದ್ದಪ್ಪ ಈಗ ಎಲ್ಲಿ ಅದಾನ?” ಎಂದು ವಿಚಾರಿಸಿದಳು. ಅವನು ಮುಶಿಗೇರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆಂದು ಭಾರತಿ ಕೇಳಿದ್ದಳು. ಆ ಸಂಜೆಯೇ ಇಬ್ಬರೂ ಬಸ್ಸು ಹತ್ತಿದರು.

ಗಿರಣಿಯಲ್ಲಿ ಹುಬ್ಬಿನವರೆಗೂ ಹಿಟ್ಟು ಹತ್ತಿದ ಗವಿಸಿದ್ದಪ್ಪ ಭಾರತಿಯ ಮುಖವನ್ನೇ ನೋಡಿದ. “ಗ್ಯಾನಪ್ಪಣ್ಣನ ಮಗಳಲ್ಲೇನವಾ ನೀನು?”

ಅವಳು ಹೌದೆಂದು, ಬಂದ ಕಾರಣ ಹೇಳಿದಳು. ಅವನು ಮಷಿನ್ ಬಂದ್ ಮಾಡಿ ಕೈ ಒರೆಸಿಕೊಂಡ.

“ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡು ನಿಮ್ಮಪ್ಪನೇ ನನ್ನನ್ನ ದವಾಖಾನಿಗೆ ಒಯ್ದಿದ್ದು. ಕಾಲು ಮುರದಿತ್ತು. ಹಾದಿಗುಂಟ ನಾನೂ ಇದನ್ನ ಕೇಳೀನಿ, ಗೆದ್ದವರು ಯಾರಂತ.”

“ಅಪ್ಪ ಏನಂದ?”

“‘ಯಾರೂ ಗೆದ್ದಿಲ್ಲೋ ತಮ್ಮಾ. ನಾ ಬಾವುಟಾನ ಬೀಸಿಲ್ಲ. ರೇಸು ಇನ್ನೂ ಮುಗದಿಲ್ಲ, ನೀ ಲಗೂ ಎದ್ದು ಬಾ’ ಅಂದ.”

ಭಾರತಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹಾಗೇ ನಕ್ಕಳು. ಅಪ್ಪ ತೀರಿಕೊಂಡು ಇಷ್ಟು ವರ್ಷಗಳಾದ ಮೇಲೆ ಅವನದೊಂದು ಹೊಸ ಮಾತು ಕೇಳಲು ಸಿಗುತ್ತದೆಂದು ಅವಳು ಎಣಿಸಿರಲಿಲ್ಲ.

ಗವಿಸಿದ್ದಪ್ಪನಿಗೆ ಈಗ ಬೇರೆಯದೇ ಕುತೂಹಲ. ಆ ತಿರುವು ಖರೇನೇ ಉಳಿದಿದೆಯೇ ಎಂದು ಮತ್ತೆ ಮತ್ತೆ ಕೇಳಿದ. ಮುಂದಿನ ಭಾನುವಾರ ಗಿರಣಿಗೆ ಬೀಗ ಹಾಕಿ ಮಾಬೂಬಿಯ ಮನೆಗೆ ಬಂದೇಬಿಟ್ಟ. ಅಂಗಳದಲ್ಲಿ ನಿಂತು ಟೈರುಗಳನ್ನು ನೋಡಿದ, ಗೋಡೆ ನೋಡಿದ, ತಲೆಯಾಡಿಸಿದ.

“ಗಾಡಿ ಇಲ್ಲಿ ಹಾಯ್ತಿರಲಿಲ್ಲ. ಟೈರಿನ ಒಳಮಗ್ಗಲ, ಅಂದ್ರ ನಿಮ್ಮ ಅಡಗಿಮನ್ಯಾಗ ಹಾಯ್ತಿತ್ತು.”

“ಹಂಗಾದ್ರ ಒಳಗ ಬರ್ರಿ,” ಎಂದು ಮಾಬೂಬಿ ಬಾಗಿಲು ಪೂರ್ತಿ ತೆರೆದಳು. “ಹ್ಯಾಂಗ ಹಾಯ್ತಿತ್ತು, ತೋರಸ್ರಿ.”

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಒಲೆಯ ಪಕ್ಕದಲ್ಲಿ ನಿಂತು, ಹ್ಯಾಂಡಲ್ ಹಿಡಿದವನಂತೆ ಎರಡೂ ಕೈ ಮುಂದೆ ಚಾಚಿ, ಅಂದು ಮುರಿದು ಇನ್ನೂ ನೋಯುವ ಕಾಲನ್ನು ಊರಿ, ಮೆಲ್ಲಗೆ ಎಡಕ್ಕೆ ವಾಲಿದ.